ಹಳೆಯ ಕಂಪ್ಯೂಟರ್ ಬಿಚ್ಚುವ ಮುನ್ನ
(ಕಣಕಟ್ಟೆಯಲ್ಲಿ ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ವಿದ್ಯುತ್ತಿನ ವಿಷಯ ಮಾತನಾಡಲು ಈ ಮೇಷ್ಟ್ರು ಯಾಕೆ ನಿಂತರು ಎಂದು ನಿಮಗೆ ಅನ್ನಿಸಬಹುದು. ಉರ್ದುವಿನಲ್ಲಿ ಕರೆಂಟಿಗೆ 'ಬಿಜ್ಲಿ' ಎನ್ನುತ್ತೇವೆ. ಆಕಾಶದ ಮಿಂಚಿಗೂ ಅದೇ ಹೆಸರು. ಕನ್ನಡದ 'ವಿದ್ಯುತ್' ಪದಕ್ಕೂ ಮೂಲದಲ್ಲಿ ಮಿಂಚು ಎಂದೇ ಅರ್ಥ. ಈ ಅರ್ಥವನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ ನಾನು, ಒಂದು ದಿನ ಅದನ್ನು ಮರೆತೆ. ಆ ಕಾರಣಕ್ಕೇ ಇಂದು ನಿಮ್ಮ ಮುಂದೆ ನಿಂತಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಉಗ್ರಾಣದಲ್ಲಿ ದಪ್ಪ ಕೊಳವೆಯ ಪರದೆಯುಳ್ಳ ಹಳೆಯ ಕಂಪ್ಯೂಟರುಗಳಿದ್ದವು. ಒಂದೆರಡನ್ನಾದರೂ ಸರಿಪಡಿಸಿದರೆ ಮಕ್ಕಳು ಟೈಪಿಂಗ್ ಕಲಿಯುತ್ತಾರೆ ಎಂಬ ಆಸೆಯಿಂದ, ಹಾರ್ಡ್‌ವೇರ್ ಕೋರ್ಸ್ ಮಾಡುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆದೆ. ಅವನು ಹಿಂಬದಿಯ ಮುಚ್ಚಳ ತೆಗೆದ. ನಾನು ಪಕ್ಕದಲ್ಲಿ ಟಾರ್ಚ್ ಹಿಡಿದು, "ಪ್ಲಗ್ ಕಿತ್ತಿದ್ದೇವಲ್ಲ, ಹೆದರಬೇಡ" ಎಂದೆ. ಅವನ ಬೆರಳು ಒಂದು ರಬ್ಬರ್ ಟೋಪಿಯ ಅಡಿಗೆ ಹೋದದ್ದೇ ತಡ, ಕೈ ಎಗರಿ ತಗಡಿನ ಅಂಚಿಗೆ ಬಡಿಯಿತು. ಹೊಲಿಗೆ ಹಾಕಿಸಬೇಕಾಯಿತು. ಜೀವಕ್ಕೇನೂ ಆಗಲಿಲ್ಲ. ಆದರೆ ನಾನು ಹೇಳಿದ ಆ ಮಾತು ತಪ್ಪಾಗಿತ್ತು. ಏಕೆ ತಪ್ಪು ಎಂದು ಆಮೇಲೆ ಬಲ್ಲವರನ್ನು ಕೇಳಿ ತಿಳಿದುಕೊಂಡೆ.

ಈ ಕೊಳವೆಯನ್ನು 1897ರಲ್ಲಿ ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ ಎಂಬ ವಿಜ್ಞಾನಿ ರೂಪಿಸಿದರು. ಇದರಲ್ಲಿ ಎಲೆಕ್ಟ್ರಾನುಗಳು ಪರದೆಗೆ ಬಡಿದು ಬೆಳಕು ಮೂಡುತ್ತದೆ. ಅವುಗಳನ್ನು ಎಳೆಯಲು ಭಾರೀ ವೋಲ್ಟೇಜ್ ಬೇಕು. ನಮ್ಮ ಮನೆಗೆ ಬರುವುದು 230 ವೋಲ್ಟ್. ಫ್ಲೈಬ್ಯಾಕ್ ಎಂಬ ಟ್ರಾನ್ಸ್‌ಫಾರ್ಮರ್ ಒಳಗಡೆ ಅತಿ ಹೆಚ್ಚಿನ ವೋಲ್ಟೇಜ್ ಸಿದ್ಧಮಾಡುತ್ತದೆ. ಸಣ್ಣ ಕಪ್ಪು-ಬಿಳುಪು ಪರದೆಗೆ ಸುಮಾರು 12,000 ವೋಲ್ಟ್, ಬಣ್ಣದ ಪರದೆಗೆ ಸುಮಾರು 25,000 ವೋಲ್ಟ್ ಬೇಕಾಗುತ್ತದೆ.

ಕೊಳವೆಯ ಗಾಜಿನ ಒಳಗೂ ಹೊರಗೂ ಗ್ರಾಫೈಟ್ ಲೇಪನವಿದೆ. ಎರಡು ಲೇಪನಗಳ ನಡುವೆ ಗಾಜು ಇರುವುದರಿಂದ ಕೊಳವೆಯೇ ಒಂದು ಕೆಪಾಸಿಟರ್ ಆಗುತ್ತದೆ. ಪ್ಲಗ್ ಕಿತ್ತರೂ ಆವೇಶ ಅಲ್ಲೇ ಕುಳಿತಿರಬಹುದು. ಕೆಲವೊಮ್ಮೆ ದಿನಗಟ್ಟಲೆ ಉಳಿಯಬಹುದು. ಅದನ್ನು ತಾನಾಗಿ ಇಳಿಸುವ ರೆಸಿಸ್ಟರ್ ಕೆಲವು ಮಾನಿಟರುಗಳಲ್ಲಿ ಇರುತ್ತದೆ. ಆದರೆ ಅದು ಸುಟ್ಟಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ.

ಇದಕ್ಕಿಂತ ಅಪಾಯಕಾರಿ ವಸ್ತು ಇನ್ನೊಂದಿದೆ. ಪವರ್ ಸಪ್ಲೈ ಭಾಗದ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಇರುತ್ತದೆ. 25,000ದ ಮುಂದೆ 325 ಯಾವ ಲೆಕ್ಕ ಎನ್ನಬೇಡಿ. ವೋಲ್ಟೇಜ್ ಎಂದರೆ ನೀರಿನ ಟ್ಯಾಂಕಿನ ಎತ್ತರ ಇದ್ದ ಹಾಗೆ. ಒಳಗೆ ನೀರೆಷ್ಟು ಎಂಬುದು ಬೇರೆ ಮಾತು. ಕೊಳವೆಯಲ್ಲಿ ಉಳಿಯುವ ಶಕ್ತಿ ಸುಮಾರು ಅರ್ಧ ಜೌಲ್. 220 ಮೈಕ್ರೋಫ್ಯಾರಡ್ ಕೆಪಾಸಿಟರಿನಲ್ಲಿ ಸುಮಾರು 12 ಜೌಲ್. ಅಂದರೆ ಇಪ್ಪತ್ತು ಪಟ್ಟಿಗೂ ಹೆಚ್ಚು. ಕೊಳವೆಯ ಹೊಡೆತದಿಂದ ಕೈ ಎಗರಿ, ಗಾಜಿನ ಕುತ್ತಿಗೆ ಮುರಿಯಬಹುದು. ಕೊಳವೆಯೊಳಗೆ ನಿರ್ವಾತ ಇರುವುದರಿಂದ ಗಾಜು ಒಡೆದರೆ ಚೂರುಗಳು ಕಣ್ಣಿಗೆ ಸಿಡಿಯುತ್ತವೆ. ಕೆಪಾಸಿಟರಿನ ಹೊಡೆತವೋ, ಒಂದು ಕೈಯಿಂದ ಇನ್ನೊಂದು ಕೈಗೆ ಹರಿದರೆ, ಹೃದಯಕ್ಕೇ ತಗಲುತ್ತದೆ.

ಪರದೆ ಮತ್ತು ಕಂಪ್ಯೂಟರ್ ಒಂದೇ ಪೆಟ್ಟಿಗೆಯಲ್ಲಿರುವ ಯಂತ್ರಗಳಲ್ಲಿ ಅಪಾಯ ಇನ್ನೂ ಹತ್ತಿರ. 1984ರ ಮ್ಯಾಕಿಂಟಾಷ್ ಅಂಥದ್ದು. 1998ರ ಬಣ್ಣದ ಐಮ್ಯಾಕ್ ಕೂಡ ಅಂಥದ್ದೇ. ಹಳೆಯ ಮ್ಯಾಕಿಂಟಾಷಿನ ಮೆಮೊರಿ ಬದಲಿಸಲು ಹೋದರೂ ಕೈ ಕೊಳವೆಯ ಬಳಿಯೇ ಸಾಗಬೇಕು.

ತರಬೇತಿ ಪಡೆದವರು ಅನುಸರಿಸುವ ಕ್ರಮ ಹೀಗಿದೆ. ಪ್ಲಗ್ ಕಿತ್ತು ಕಣ್ಣಿನ ಮುಂದೆಯೇ ಇಟ್ಟುಕೊಳ್ಳುತ್ತಾರೆ. ಉಂಗುರ, ಗಡಿಯಾರ ತೆಗೆದು, ಕನ್ನಡಕ ಧರಿಸುತ್ತಾರೆ. ಒಬ್ಬರೇ ಇರುವುದಿಲ್ಲ, ಒಂದು ಕೈಯನ್ನು ಬೆನ್ನ ಹಿಂದೆ ಇಡುತ್ತಾರೆ. ಹೈ-ವೋಲ್ಟೇಜ್ ಉಪಕರಣದ ತಂತಿಯನ್ನು ಮೊದಲು ಕೊಳವೆಯ ಹೊರಗಿನ ಅರ್ಥಿಂಗ್ ತಂತಿಗೆ ಸಿಕ್ಕಿಸಿ, ಆಮೇಲೆ ತುದಿಯನ್ನು ರಬ್ಬರ್ ಟೋಪಿಯ ಅಡಿಗೆ ತೂರಿಸುತ್ತಾರೆ. ಗಾಜಿನಲ್ಲಿ ಆವೇಶ ಸ್ವಲ್ಪ ಮರಳಿ ಬರುವುದರಿಂದ ಕೆಲವು ನಿಮಿಷ ಬಿಟ್ಟು ಮತ್ತೊಮ್ಮೆ ಹಾಗೆಯೇ ಮಾಡುತ್ತಾರೆ. ದೊಡ್ಡ ಕೆಪಾಸಿಟರನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಿಂದ ಅಳೆದ ಮೇಲೆಯೇ ಮುಟ್ಟುತ್ತಾರೆ. ಕೋರ್ಸಿನಲ್ಲಿ ಕಟ್ಟಿಕೊಳ್ಳಿ ಎನ್ನುವ ಆಂಟಿ-ಸ್ಟ್ಯಾಟಿಕ್ ಮಣಿಕಟ್ಟು ಪಟ್ಟಿಯನ್ನು ಇಲ್ಲಿ ಕಟ್ಟಬಾರದು. ಅದು ನಿಮ್ಮನ್ನೇ ನೆಲಕ್ಕೆ ಜೋಡಿಸುತ್ತದೆ.

ವಿದ್ಯಾರ್ಥಿಗಳೆ, ಇಷ್ಟೆಲ್ಲ ಹೇಳಿದ್ದು ನೀವು ಮಾಡಲಿ ಎಂದಲ್ಲ, ಇದು ಎಷ್ಟು ಹುಷಾರಿನ ಕೆಲಸ ಎಂದು ತಿಳಿಯಲಿ ಎಂದು. ಬಲ್ಲವರು ಪಕ್ಕದಲ್ಲಿ ಇಲ್ಲದೆ ಮುಚ್ಚಳ ತೆಗೆಯಬೇಡಿ. ತಾಮ್ರದ ಆಸೆಗೆ ಕೊಳವೆ ಒಡೆಯಬೇಡಿ. ಆ ಗಾಜಿನಲ್ಲಿ ಸೀಸವಿದೆ. ತೆಳುವಾದ ಹೊಸ ಪರದೆಗಳಲ್ಲಿ ಕೊಳವೆ ಇಲ್ಲ, ಆದರೆ ಪವರ್ ಸಪ್ಲೈ ಕೆಪಾಸಿಟರ್ ಅವುಗಳಲ್ಲೂ ಇದೆ. ಯಾರಿಗಾದರೂ ಶಾಕ್ ಹೊಡೆದರೆ ಮೊದಲು ಮೇನ್ ಆರಿಸಿ, ಆಮೇಲೆ ಮುಟ್ಟಿ, 108ಕ್ಕೆ ಕರೆ ಮಾಡಿ.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ಹಳೆಯ ಯಂತ್ರಗಳನ್ನು ದಾನವಾಗಿ ಪಡೆಯುವಾಗ ದುರಸ್ತಿ ಯಾರು ಮಾಡುತ್ತಾರೆ ಎಂದೂ ಕೇಳೋಣ. ಕೆಟ್ಟುಹೋದವನ್ನು ಗುಜರಿಗೆ ಹಾಕದೆ ನೋಂದಾಯಿತ ಮರುಬಳಕೆ ಘಟಕಕ್ಕೆ ಒಪ್ಪಿಸೋಣ. ನಾವು ತಿಪಟೂರು, ತುಮಕೂರು ದಾಟಿ ಬೆಂಗಳೂರಿಗೆ ಹೋಗುವಾಗ ಸಿಗುವ ದಾಬಸ್‌ಪೇಟೆಯಲ್ಲೇ ಇ-ತ್ಯಾಜ್ಯದ ಇಂಥ ಘಟಕವೊಂದು 2005ರಲ್ಲಿ ಆರಂಭವಾಯಿತು.

ನನ್ನ ವಿದ್ಯಾರ್ಥಿಯ ಕೈಯಲ್ಲಿ ಆ ಹೊಲಿಗೆಯ ಗುರುತು ಇನ್ನೂ ಇದೆ. ಗೊತ್ತಿಲ್ಲದ ವಿಷಯದಲ್ಲಿ "ಹೆದರಬೇಡ" ಎನ್ನುವುದು ಧೈರ್ಯ ತುಂಬುವ ಮಾತಲ್ಲ ಎಂದು ಅದು ನನಗೆ ಕಲಿಸಿತು. "ತಾಳು, ಕೇಳಿ ತಿಳಿಯೋಣ" ಎನ್ನುವುದೇ ಶಿಕ್ಷಕನ ಮಾತು.