ಕೈಗಡ, ಸಾಲ ಮತ್ತು ಸಾಸಿವೆ ಡಬ್ಬಿ

ನಮ್ಮ ನುಡಿಯಲ್ಲಿ ಕೈಗಡವೇ ಬೇರೆ, ಸಾಲವೇ ಬೇರೆ. ಕೈಗಡಕ್ಕೆ ಬಡ್ಡಿಯಿಲ್ಲ, ಪತ್ರವಿಲ್ಲ; ವಿಶ್ವಾಸವೊಂದೇ ಅದರ ಆಧಾರ. ಸಾಲಕ್ಕೆ ಲೆಕ್ಕವಿದೆ. ಆ ಲೆಕ್ಕವನ್ನು ಅನೇಕ ಗೃಹಸ್ಥರು ಕೊನೆಯವರೆಗೆ ಮಾಡಿ ನೋಡುವುದಿಲ್ಲ.

ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯೆಂದರೆ ಹಗುರವಾಗಿ ಕೇಳಿಸುತ್ತದೆ. ವರ್ಷಕ್ಕೆ ಅದು 24. ಹತ್ತು ಸಾವಿರದ ಸಾಲಕ್ಕೆ ಮೊದಲ ತಿಂಗಳ ಬಡ್ಡಿಯೇ 200. ತಿಂಗಳಿಗೆ 300 ಕಟ್ಟುವವರ ಅಸಲು ಆಗ ಕರಗುವುದು ಬರಿಯ 100. ಸಾಲ ತೀರಲು 56 ತಿಂಗಳು ಬೇಕು. ಅದನ್ನೇ 500ಕ್ಕೆ ಏರಿಸಿದರೆ 26 ತಿಂಗಳು ಸಾಕು. ಕೇಳುಗರು ಪೆನ್ಸಿಲು ಹಿಡಿದು ಪರೀಕ್ಷಿಸಬಹುದು.

ಹೆಚ್ಚಿನ ಆ 200 ರೂಪಾಯಿ ಎಲ್ಲಿಂದ ಬರಬೇಕು? ಬೇಳೆಯನ್ನು ನೆನೆಸಿ ಬೇಯಿಸಿದರೆ ಗ್ಯಾಸು ಉಳಿಯುತ್ತದೆ. 60 ವಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್ಟು. 9 ವಾಟಿನ ಎಲ್‌ಇಡಿ ದೀಪಕ್ಕೆ ಒಂದೂವರೆಯೂ ಆಗದು. ಇವೆಲ್ಲ ಸರಿಯೇ. ಆದರೆ ನಾನು ಕಂಡ ಮನೆಗಳಲ್ಲಿ ಮಿತವ್ಯಯದ ಕತ್ತರಿ ಮೊದಲು ಬೀಳುವುದು ಗೃಹಿಣಿಯ ಪಾಲಿನ ಹಾಲಿನ ಮೇಲೆ, ಯಜಮಾನರ ಹೋಟೆಲು ಕಾಫಿಯ ಮೇಲಲ್ಲ. ಸಾಸಿವೆ ಡಬ್ಬಿಯಲ್ಲಿ ಆಕೆ ಕೂಡಿಟ್ಟ ಚಿಲ್ಲರೆಯೇ ಎಷ್ಟೋ ಬಾರಿ ಕೊನೆಯ ಕಂತನ್ನು ಕಟ್ಟಿದೆ. ಯಜಮಾನರು ಬರೆದಿಡುವ ತಿಂಗಳ ಲೆಕ್ಕದಲ್ಲಿ ಅದು ಯಾವ ಬಾಬಿನಲ್ಲಿಯೂ ಜಮಾ ಆಗಿರುವುದಿಲ್ಲ.