ಮಾನಸಿಕ ಕಾಯಿಲೆಗೆ ಹಗಲು ಆರೈಕೆ ಕೇಂದ್ರ: ಆರಿಸುವ ಮುನ್ನ

(ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಸದಸ್ಯರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹ ರೂಪ)



ನಾನು ದನದ ಡಾಕ್ಟರು. ಕೆಚ್ಚಲು ಬಾವು, ಗರ್ಭ ಕಟ್ಟದ ಸಮಸ್ಯೆ, ಖನಿಜ ಮಿಶ್ರಣ ಇವುಗಳ ಬಗ್ಗೆ ಮಾತನಾಡುತ್ತೇನೆಂದು ತಾವೆಲ್ಲ ಬಂದಿದ್ದೀರಿ. ಅದನ್ನೂ ಮಾತನಾಡೋಣ. ಅದಕ್ಕೆ ಮೊದಲು ಮನುಷ್ಯರ ಕಾಯಿಲೆಯೊಂದರ ಬಗ್ಗೆ ಸ್ವಲ್ಪ ಹೊತ್ತು ಮಾತನಾಡಲು ಅಧ್ಯಕ್ಷರ ಒಪ್ಪಿಗೆ ಪಡೆದಿದ್ದೇನೆ. ರಾಸು ನೋಡಲು ಹೋದ ಮನೆಗಳಲ್ಲಿ, ಚುಚ್ಚುಮದ್ದು ಕೊಟ್ಟು ಕೈ ತೊಳೆಯುವಾಗ, ನೀರು ಹಾಕುವ ತಾಯಿ ತಗ್ಗಿದ ದನಿಯಲ್ಲಿ "ಸಾರ್, ನಮ್ಮ ಹುಡುಗ ಒಳಗೇ ಕೂತಿರ್ತಾನೆ, ಯಾರ ಜೊತೆಯೂ ಮಾತಿಲ್ಲ, ಯಾರಿಗೆ ತೋರಿಸೋದು?" ಎಂದು ಕೇಳಿದ್ದು ಒಂದೆರಡು ಸಲವಲ್ಲ. ಆ ಪ್ರಶ್ನೆಗೆ ಉತ್ತರ ನಾನು ಕಾಲೇಜಿನಲ್ಲಿ ಕಲಿತದ್ದಲ್ಲ, ನನ್ನ ತಮ್ಮನ ದೆಸೆಯಿಂದ ಕಲಿತದ್ದು. ಅವನನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇನೆ.

ತಮ್ಮ ಊರಲ್ಲಿ ಮೂರು ಮಿಶ್ರತಳಿ ಹಸು ನೋಡಿಕೊಂಡಿದ್ದ. ಮೊದಲು ಸಂಜೆಯ ಹಾಲನ್ನು ಡೇರಿಗೆ ತರುವುದು ಬಿಟ್ಟ. ಸಾಲಿನಲ್ಲಿ ನಿಂತವರೆಲ್ಲ ತನ್ನ ವಿಚಾರವನ್ನೇ ಮಾತನಾಡುತ್ತಾರೆ ಎಂದ. ತನ್ನ ಫ್ಯಾಟ್ ಬೇಕೆಂದೇ ಕಡಿಮೆ ಬರೆಯುತ್ತಾರೆ ಎಂದ. ಈ ಕೊನೆಯ ಮಾತನ್ನು ನಮ್ಮಲ್ಲಿ ಹೇಳದವರು ಯಾರಿದ್ದಾರೆ? ಹಾಗಾಗಿ ಕಾಯಿಲೆ ಎಂದು ನಮಗೆ ತೋಚಲೇ ಇಲ್ಲ. ಆಮೇಲೆ ರಾತ್ರಿ ನಿದ್ದೆ ಹೋಯಿತು, ಸ್ನಾನ ಹೋಯಿತು, ಒಬ್ಬನೇ ಕೂತು ಯಾರಿಗೋ ಉತ್ತರ ಕೊಡತೊಡಗಿದ. ಹಸು ಒಂದು ಹೊತ್ತು ಮೇವು ಬಿಟ್ಟರೆ ಥರ್ಮಾಮೀಟರ್ ಹಿಡಿಯುವ ನಾನು, ತಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಒಂದು ವರ್ಷ ಮಾಡಿದೆ. ಆ ವರ್ಷವೆಲ್ಲ ತಾಯಿತ, ಹರಕೆಯಲ್ಲೇ ಕಳೆಯಿತು. ಕೊನೆಗೆ ಯಾರದೋ ಮಾತು ಕೇಳಿ ಒಂದು "ಆಶ್ರಮ"ದಲ್ಲಿ ಬಿಟ್ಟು ಬಂದೆವು. ಹದಿನೈದನೆಯ ದಿನ ನೋಡಲು ಹೋದರೆ ಕಾಲನ್ನು ಮಂಚಕ್ಕೆ ಸರಪಳಿಯಿಂದ ಕಟ್ಟಿದ್ದರು. ನಮ್ಮವ್ವ ಅಲ್ಲೇ ಕುಸಿದು ಕೂತರು. ಅವತ್ತೇ ಕರೆತಂದೆವು.

ನಂತರ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರು ನೋಡಿ, ಇದು ಸ್ಕಿಜೋಫ್ರೇನಿಯಾ, ಚಿತ್ತವಿಕಲತೆ ಎಂದರು. ಮೂರು ವಾರ ವಾರ್ಡಿನಲ್ಲಿದ್ದ. ಮಾತ್ರೆಗೆ ದನಿಗಳು ಕಡಿಮೆಯಾದವು, ಅನುಮಾನ ಇಳಿಯಿತು. ಮನೆಗೆ ಬಂದವನು ಮಾತ್ರ ಜಗಲಿಯ ಮೇಲೆ ಗೋಡೆ ನೋಡುತ್ತ ಕೂತುಬಿಟ್ಟ. ಸೋಮಾರಿತನ ಎಂದು ನೆಂಟರು ಆಡಿಕೊಂಡರು. ಇದೂ ಕಾಯಿಲೆಯದೇ ಭಾಗ, ಮಾತ್ರೆ ಇದನ್ನು ಅಷ್ಟಾಗಿ ಸರಿಮಾಡುವುದಿಲ್ಲ, ಹಗಲು ಆರೈಕೆ ಕೇಂದ್ರಕ್ಕೆ ಸೇರಿಸಿ ಎಂದು ವೈದ್ಯರು ಹೇಳಿದರು.

ಹಾಲು ಜ್ವರ ಬಂದು ಬಹಳ ಹೊತ್ತು ಮಲಗಿಯೇ ಇದ್ದ ಹಸುವನ್ನು ನೆನಪಿಸಿಕೊಳ್ಳಿ. ಕ್ಯಾಲ್ಸಿಯಂ ಬೇಕೇ ಬೇಕು. ಅದೊಂದರಿಂದಲೇ ಎಷ್ಟೋ ಸಲ ಅದು ಏಳುವುದಿಲ್ಲ. ಮಗ್ಗುಲು ಬದಲಿಸಬೇಕು, ಕಾಲು ತಿಕ್ಕಬೇಕು, ನಾಲ್ಕು ಜನ ಸೇರಿ ಎತ್ತಿ ನಿಲ್ಲಿಸಬೇಕು. ಮನುಷ್ಯರನ್ನು ದನಕ್ಕೆ ಹೋಲಿಸಿದೆನೆಂದು ಬೇಸರ ಮಾಡಿಕೊಳ್ಳಬೇಡಿ, ನನಗೆ ಚೆನ್ನಾಗಿ ಗೊತ್ತಿರುವುದು ಅದೊಂದೇ.

ಹಗಲು ಕೇಂದ್ರವೆಂದರೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ಚಿಕಿತ್ಸೆ. ಸಾಮಾನ್ಯವಾಗಿ 10 ಗಂಟೆಯಿಂದ 4 ಗಂಟೆಯವರೆಗೆ, ವಾರಕ್ಕೆ ಐದಾರು ದಿನ. ಇದರಲ್ಲಿ ಎರಡು ಬಗೆ. ದೊಡ್ಡ ಊರುಗಳ ಕೆಲವು ಆಸ್ಪತ್ರೆಗಳಲ್ಲಿ ಕೆಲವು ವಾರಗಳ ಬಿಗಿಯಾದ ಚಿಕಿತ್ಸೆ ಇರುತ್ತದೆ. ಮನೋವೈದ್ಯರು, ಮನಶ್ಶಾಸ್ತ್ರಜ್ಞರು ದಿನವೂ ಸಿಗುತ್ತಾರೆ, ಮಾತಿನ ಚಿಕಿತ್ಸೆ ಹೆಚ್ಚು. ವಾರ್ಡಿನಿಂದ ಆಗತಾನೆ ಬಂದವರಿಗೆ, ವಾರ್ಡಿಗೆ ಹೋಗುವುದನ್ನು ತಪ್ಪಿಸಬೇಕಾದವರಿಗೆ ಅದು. ಇನ್ನೊಂದು ಬಗೆಯಲ್ಲಿ ತಿಂಗಳುಗಟ್ಟಲೆ ಹೋಗಿ ಸ್ನಾನ, ಹೊತ್ತು, ಕೆಲಸ, ಜನರೊಡನೆ ಮಾತು ಇವನ್ನು ಮರಳಿ ಅಭ್ಯಾಸ ಮಾಡಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಹೊಲಿಗೆ, ನೇಯ್ಗೆ, ಮರಗೆಲಸ, ತೋಟದ ಕೆಲಸದ ತರಬೇತಿಯಿದೆ. ಜಿಲ್ಲೆಗಳಲ್ಲಿ ಸರ್ಕಾರದ ನೆರವಿನಿಂದ ಸ್ವಯಂಸೇವಾ ಸಂಸ್ಥೆಗಳು ನಡೆಸುವ "ಮಾನಸಧಾರ" ಕೇಂದ್ರಗಳು ಈ ಎರಡನೆಯ ಬಗೆಯವು. ನಿಮ್ಮ ಮನೆಯವರಿಗೆ ಯಾವುದು ಬೇಕೆಂದು ಮೊದಲು ವೈದ್ಯರನ್ನು ಕೇಳಿ.

ನಮ್ಮಂಥವರಿಗೆ ಇದರಲ್ಲಿ ಇನ್ನೊಂದು ಅನುಕೂಲ ಉಂಟು. ಬೆಳಗಿನ ಹಾಲು ಡೇರಿಗೆ ಹಾಕಿ ಬಸ್ಸು ಹತ್ತಬಹುದು, ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರಬಹುದು. ಜೊತೆಗಿರುವವರ ಕೆಲಸವೂ ನಿಲ್ಲುವುದಿಲ್ಲ.

ಆದರೆ ಎಲ್ಲರಿಗೂ ಎಲ್ಲ ಹೊತ್ತಿಗೂ ಇದು ಹೊಂದುವುದಿಲ್ಲ. ಸಾಯುತ್ತೇನೆ ಎನ್ನುವವರನ್ನು, ಅನ್ನ ನೀರು ಬಿಟ್ಟವರನ್ನು, ಹೊಡೆಯಲು ಬರುವಷ್ಟು ಕೆರಳಿದವರನ್ನು ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ದಿನವೂ ವಿಪರೀತ ಕುಡಿಯುವವರು ಒಮ್ಮೆಗೇ ಬಿಟ್ಟರೆ ಎರಡು ಮೂರು ದಿನದಲ್ಲಿ ನಡುಕ, ಫಿಟ್ಸ್, ಭ್ರಮೆ ಬರಬಹುದು. ಅದನ್ನು ಬಿಡಿಸುವುದು ವೈದ್ಯರ ಕಣ್ಣೆದುರೇ ಆಗಬೇಕು. ಮನೆಯಲ್ಲಿರುವ ಬೆಳೆಯ ಔಷಧಿ, ಉಣ್ಣೆಗೆ ಹಾಕುವ ಔಷಧಿ ಎರಡಕ್ಕೂ ಇವತ್ತೇ ಬೀಗ ಹಾಕಿ, ಬೀಗದ ಕೈ ಬೇರೆಯವರ ಬಳಿ ಇರಲಿ. ಕೊಟ್ಟಿಗೆಯ ಗೂಡಿನಲ್ಲಿ ಉಣ್ಣೆ ಔಷಧಿಯ ಬಾಟಲಿ ತೆರೆದಿಟ್ಟಿರುವುದನ್ನು ನಾನು ನೋಡದ ಮನೆ ಕಡಿಮೆ.

ಇನ್ನು ಆರಿಸುವ ವಿಚಾರ. ನಾವು ಎರಡು ಕೇಂದ್ರ ನೋಡಿದೆವು. ಒಂದು ಹೊಸ ಕಟ್ಟಡ, ನೆಲಕ್ಕೆ ಟೈಲ್ಸ್, ಗೋಡೆಗೆ ಚಿತ್ರಗಳು. ದಿನದ ಕಾರ್ಯಕ್ರಮ ಏನೆಂದು ಕೇಳಿದರೆ ಟಿ.ವಿ. ಇದೆ ಎಂದರು. ಹನ್ನೆರಡು ಜನ ಅದರ ಮುಂದೆ ಕೂತಿದ್ದರು, ಇಬ್ಬರು ನಿದ್ದೆ ಹೋಗಿದ್ದರು. ಇನ್ನೊಂದು ಹಳೆಯ ಹೆಂಚಿನ ಮನೆ. ಗೋಡೆಗೆ ಕೈಬರಹದ ವೇಳಾಪಟ್ಟಿ: ವ್ಯಾಯಾಮ, ಪತ್ರಿಕೆ ಓದುವುದು, ಗುಂಪಿನ ಮಾತು, ಊಟ, ತರಕಾರಿ ಪಾತಿ, ಕಾಗದದ ಕವರ್ ಮಾಡುವುದು, ಲೆಕ್ಕ ಬರೆಯುವುದು. ನಾವು ಹೋದಾಗ ವೇಳಾಪಟ್ಟಿಯಲ್ಲಿದ್ದ ಕೆಲಸವೇ ನಡೆಯುತ್ತಿತ್ತು. ನೋಡಲು ಹೋಗುವುದಾದರೆ ಹೇಳದೆ, ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ. ಮೂರು ಗಂಟೆಗೂ ಜನ ಏನಾದರೂ ಮಾಡುತ್ತಿದ್ದರೆ ಅಲ್ಲಿ ಕೆಲಸ ನಡೆಯುತ್ತಿದೆ ಎಂದರ್ಥ.

ಕೇಳಬೇಕಾದ್ದನ್ನು ಸಂಕೋಚಪಡದೆ ಕೇಳಿ. ಯಾವ ಮನೋವೈದ್ಯರು ಬರುತ್ತಾರೆ, ಎಷ್ಟು ದಿನಕ್ಕೊಮ್ಮೆ ಬರುತ್ತಾರೆ? ಹಳೆಯ ಮಾತ್ರೆ ಚೀಟಿಯನ್ನು ನೋಡಿದರೋ ಇಲ್ಲವೋ? ಒಂದು ದಿನ ಹೋಗದಿದ್ದರೆ ಮನೆಗೆ ಫೋನ್ ಮಾಡುತ್ತಾರೆಯೇ? ಮನೆಯವರನ್ನು ಕರೆದು ಮಾತನಾಡುತ್ತಾರೆಯೇ? ಮೂರು ತಿಂಗಳಲ್ಲಿ ಏನು ಸಾಧಿಸಬೇಕೆಂದು ಬರೆದಿಟ್ಟಿದ್ದಾರೆಯೇ, ಇಲ್ಲಾ ಕಾಲವೆಲ್ಲ ಬರುತ್ತಲೇ ಇರಬೇಕೆ? ಹೆಣ್ಣುಮಕ್ಕಳಾದರೆ ಮಹಿಳಾ ಸಿಬ್ಬಂದಿ ಮತ್ತು ಬೇರೆ ಶೌಚಾಲಯ ಇದೆಯೇ? "ಮಾತ್ರೆ ಎಲ್ಲ ಬಿಡಿಸುತ್ತೇವೆ, ಇಷ್ಟು ದಿನದಲ್ಲಿ ಪೂರ್ತಿ ಗುಣ" ಎಂದು ಮಾತು ಕೊಡುವವರ ಹತ್ತಿರ ಹೆಚ್ಚು ಹೊತ್ತು ನಿಲ್ಲಬೇಡಿ. "ಬಿಟ್ಟು ಹೋಗಿ, ಆಮೇಲೆ ಬರಬೇಡಿ" ಎನ್ನುವವರ ಹತ್ತಿರವಂತೂ ನಿಲ್ಲಲೇಬೇಡಿ. ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, 2017ರ ಪ್ರಕಾರ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ರೋಗಿಗಳನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಸಂಸ್ಥೆ ನೋಂದಣಿಯಾಗಿರಬೇಕು. ಇದು ನನಗೆ ಮೊದಲೇ ಗೊತ್ತಿದ್ದರೆ ಆ ಹದಿನೈದು ದಿನ ನಮ್ಮ ಮನೆಗೆ ಬರುತ್ತಿರಲಿಲ್ಲ.

ಮುಖ್ಯವಾಗಿ, ಹೋಗುವವರನ್ನೇ ಕೇಳಿ. ನನಗೆ ಆ ಹೆಂಚಿನ ಮನೆ ದೂರವಾಯಿತು ಅನ್ನಿಸಿತ್ತು, ಎರಡು ಬಸ್ಸು ಬದಲಿಸಬೇಕು. ತಮ್ಮ "ಅಲ್ಲಿ ಅಡುಗೆಯವರು ನನ್ನ ಹೆಸರು ಕೇಳಿದರು" ಎಂದ. ಅಲ್ಲಿಗೇ ಸೇರಿಸಿದೆವು.

ಖರ್ಚಿನ ಬಗ್ಗೆ ಹೇಳುವುದಾದರೆ, ಸರ್ಕಾರದ ನೆರವಿರುವ ಕೇಂದ್ರಗಳಲ್ಲಿ ಹೊರೆ ಕಡಿಮೆ, ಖಾಸಗಿಯವು ದುಬಾರಿ. ನಮ್ಮ ಸಹಕಾರಿಗಳ ಯಶಸ್ವಿನಿ ಮುಖ್ಯವಾಗಿ ಶಸ್ತ್ರಚಿಕಿತ್ಸೆಗಳ ಯೋಜನೆ, ಇದಕ್ಕೆ ಆಗುತ್ತದೆಂದು ನಂಬಿಕೊಂಡು ಹೋಗಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಪ್ರಮಾಣಪತ್ರ ಸಿಕ್ಕರೆ ಬಸ್ ಪಾಸಿನ ರಿಯಾಯಿತಿ ವಿಚಾರಿಸಿ.

ಮೊದಲ ತಿಂಗಳು ಕಷ್ಟವೇ. ರಾತ್ರಿಯ ಮಾತ್ರೆಯ ಮಂಪರಿನಿಂದ ಬೆಳಿಗ್ಗೆ ಐದಕ್ಕೆ ಏಳಲು ಆಗುತ್ತಿರಲಿಲ್ಲ, ಬಸ್ಸು ತಪ್ಪುತ್ತಿತ್ತು. ವೈದ್ಯರಿಗೆ ಹೇಳಿದೆವು, ಅವರು ಮಾತ್ರೆಯ ಹೊತ್ತನ್ನು ಮುಂಚೆ ಮಾಡಿದರು. ನಾವಾಗಿಯೇ ಅರ್ಧ ಮಾಡಿ ಕೊಡುವ ಕೆಲಸ ಮಾಡಲಿಲ್ಲ. ಬೆಳಗಿನ ಹಾಲು ಕರೆಯುವುದನ್ನು ಅವ್ವ ವಹಿಸಿಕೊಂಡರು. ಸಂಜೆ ಒಂದು ಹಸು ಮಾತ್ರ ಅವನದು, ಅದೂ ಅವನಿಗೆ ಮನಸ್ಸಿದ್ದರೆ. ಎಲ್ಲ ಕೆಲಸ ಒಮ್ಮೆಗೇ ಹೊರಿಸಬೇಡಿ, ಏನೂ ಮಾಡಬೇಡ ಎಂದು ಕೂರಿಸಲೂ ಬೇಡಿ ಎಂದು ಕೇಂದ್ರದವರು ಹೇಳಿದ್ದರು. ಒಂಬತ್ತು ತಿಂಗಳು ಹೋದ. ನಡುವೆ ಗುಣವಾಯಿತೆಂದು ಮಾತ್ರೆ ಬಿಟ್ಟು ಮತ್ತೆ ಒಂದು ವಾರ ವಾರ್ಡು ಸೇರಿದ್ದೂ ಆಯಿತು. ಈಗಲೂ ಒಮ್ಮೊಮ್ಮೆ ದನಿ ಕೇಳುತ್ತದಂತೆ, ಅದಕ್ಕೆ ಉತ್ತರ ಕೊಡುವುದಿಲ್ಲ ಎನ್ನುತ್ತಾನೆ. ಸಂಜೆಯ ಹಾಲು ಅವನೇ ಡೇರಿಗೆ ತರುತ್ತಾನೆ. ಫ್ಯಾಟ್ ಕಡಿಮೆ ಬರೆದರೆಂದು ಜಗಳವನ್ನೂ ಆಡುತ್ತಾನೆ, ಆದರೆ ನಿಮ್ಮೆಲ್ಲರಷ್ಟೇ.

ಎಲ್ಲಿಂದ ಶುರು ಮಾಡುವುದು ಎಂದು ಕೇಳುವವರಿಗೆ: ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ "ಮನೋಚೈತನ್ಯ" ಕ್ಲಿನಿಕ್ಕಿಗೆ ಮನೋವೈದ್ಯರು ಯಾವಾಗ ಬರುತ್ತಾರೆಂದು ವಿಚಾರಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವಿಭಾಗವಿದೆ. ಈ ಕಾರ್ಯಕ್ರಮ 1996ರಲ್ಲಿ ದೇಶದಲ್ಲಿ ಆರಂಭವಾದದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ ಮಾದರಿಯ ಮೇಲೆ. ಹಗಲು ಕೇಂದ್ರ ನಿಮ್ಮ ಜಿಲ್ಲೆಯಲ್ಲಿ ಎಲ್ಲಿ ನಡೆಯುತ್ತಿದೆ ಎಂದು ಅವರೇ ಹೇಳುತ್ತಾರೆ. ಆಸ್ಪತ್ರೆಗೆ ಹೋಗಲು ಇನ್ನೂ ಧೈರ್ಯ ಬರದಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ಸಂಖ್ಯೆಯನ್ನು ಹಾಲಿನ ದರದ ಬೋರ್ಡಿನ ಮೂಲೆಯಲ್ಲಿ ಬರೆಸಲು ಕಾರ್ಯದರ್ಶಿಗಳು ಒಪ್ಪಿದ್ದಾರೆ.

ಸಭೆಯಲ್ಲಿ ಕೇಳಲು ಸಂಕೋಚವಾದವರು ನಾನು ರಾಸು ನೋಡಲು ಬಂದಾಗ ಕೇಳಿ. ಈಗ ಕಾಲುಬಾಯಿ ಜ್ವರದ ಲಸಿಕೆಯ ವಿಚಾರಕ್ಕೆ ಬರೋಣ.