ಹೋರಿ ಹಬ್ಬದ ಕಣ



ಬಲಿಪಾಡ್ಯಮಿಯಂದು ಮನೆಯ ಮುಂದೆ ದೀಪಗಳನ್ನು ಸಾಲಿಟ್ಟು ತೃಪ್ತರಾಗುವ ನಗರವಾಸಿಗಳಾದ ನಾವು, ಅದೇ ದಿನ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಕಡೆಗೆ ಒಂದು ಪಂದ್ಯಕಾಲವೇ ಮೊದಲಾಗುವುದನ್ನು ಅಷ್ಟಾಗಿ ಅರಿಯೆವು. ಅದೇ ಹೋರಿ ಹಬ್ಬ. ಹಟ್ಟಿ ಹಬ್ಬವೆಂದೂ ಹೆಸರುಂಟು. ಇಂದು ಈ ಊರು, ನಾಳೆ ಆ ಊರು ಎಂದು ಸುಗ್ಗಿಯ ತಿಂಗಳುಗಳವರೆಗೂ ಅದು ಸಾಗುವುದು.

ಆಟದ ಕ್ರಮ ಸರಳವಾದುದು. ಹೋರಿಯ ಕೊರಳಿಗೂ ಮೈಗೂ ಒಣಕೊಬ್ಬರಿಯ ಸರಗಳನ್ನು ಕಟ್ಟಿ, ಕೊಂಬುಗಳನ್ನು ರಿಬ್ಬನ್ನು ಬಲೂನುಗಳಿಂದ ಸಿಂಗರಿಸಿ, ಇಕ್ಕೆಲಗಳಲ್ಲಿಯೂ ಜನ ಕಿಕ್ಕಿರಿದ ದಾರಿಯಲ್ಲಿ ಓಡಬಿಡುವರು. ಮೈಮೇಲೆ ಬಿದ್ದು ಕೊಬ್ಬರಿಯನ್ನು ಹರಿದುಕೊಳ್ಳುವುದು ತರುಣರ ಸಾಹಸ. ಯಾರ ಕೈಗೂ ಸಿಕ್ಕದೆ ದಾಟುವುದು ಹೋರಿಯ ಗೆಲವು. ಹೋರಿಗೆ ಹೆಸರುಂಟು, ಬಿರುದುಂಟು, ಬಾವುಟ ಹಿಡಿದು ಹಿಂದೆ ಬರುವ ಅಭಿಮಾನಿಗಳ ಬಳಗವುಂಟು. ಹುರುಳಿ, ಹಿಂಡಿಗಳನ್ನು ತಿನ್ನಿಸಿ, ಕೆರೆಯಲ್ಲಿ ಈಜಿಸಿ, ಮನೆಯ ಮಗನಂತೆ ಸಾಕಿದ ಆ ಹೋರಿ ಸೋತರೆ ಊರೇ ಸೋತಂತೆ. ಕೊಬ್ಬರಿಯ ಜೊತೆಗೆ ಈಗ ಬಂಗಾರ, ಬೈಕುಗಳೂ ಪಣವಾಗಿವೆ. ಇದರಿಂದ ಆಟದ ಅಂದ ಹೆಚ್ಚಿತೆಂದು ನಾವು ಹೇಳಲಾರೆವು.

ಐರ್ಲೆಂಡಿನಲ್ಲಿ ಗೇಲಿಕ್ ಫುಟ್‌ಬಾಲ್ ಎಂಬ ಆಟವುಂಟು. 1884ರಲ್ಲಿ ಥರ್ಲ್ಸ್ ಪಟ್ಟಣದಲ್ಲಿ ಹುಟ್ಟಿದ ಸಂಘವು ಅದನ್ನು ನಡೆಸುತ್ತಿದೆ. ಅಲ್ಲಿಯೂ ಆಟಗಾರನು ಸಂಬಳವಿಲ್ಲದೆ ತನ್ನ ಊರಿನ ಕ್ಲಬ್ಬಿಗಾಗಿ ಆಡುವನು. ಊರಭಿಮಾನದಲ್ಲಿ ಅವರಿಗೂ ನಮಗೂ ಭೇದವಿಲ್ಲ. ಭೇದವಿರುವುದು ಕಣದಲ್ಲಿ. ಆಡುವವನ ಜಾಗ ಯಾವುದು, ನೋಡುವವನ ಜಾಗ ಯಾವುದು ಎಂಬುದಕ್ಕೆ ಅಲ್ಲಿ ಗೆರೆಯುಂಟು. ನಮ್ಮ ಅನೇಕ ಊರುಗಳಲ್ಲಿ ಓಣಿಯೇ ಕಣ. ಬೆದರಿದ ಪ್ರಾಣಿಗೆ ಅದರ ಕೊನೆ ಎಲ್ಲಿಯೆಂದು ಹೇಗೆ ತಿಳಿಯಬೇಕು? 2025ರ ದೀಪಾವಳಿಯಲ್ಲಿ ಈ ಜಿಲ್ಲೆಯಲ್ಲಿ ಹೋರಿ ತಿವಿದು ಜನರು ಮಡಿದರು. ಹೋರಿ ಹಿಡಿಯಲು ಹೋಗದವರೂ ಅವರಲ್ಲಿದ್ದರು.

ಇಂತಹ ಆಟವನ್ನು ನಿಲ್ಲಿಸಿಬಿಡಬಾರದೇ ಎಂದು ನಗರದ ಮಿತ್ರರು ಕೇಳುವರು. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನು ತಡೆದುದೂ, ಕಂಬಳ ಮುಂತಾದುವುಗಳಿಗಾಗಿ ಕರ್ನಾಟಕವು ಮಾಡಿದ ಕಾನೂನಿನ ತಿದ್ದುಪಡಿಯನ್ನು 2023ರ ಮೇ 18ರಂದು ಅದೇ ನ್ಯಾಯಾಲಯವು ಎತ್ತಿಹಿಡಿದುದೂ ತಮಗೆ ತಿಳಿದದ್ದೇ. ತಡೆದರೆ ಆಟವು ಬೇಲಿಯಿಲ್ಲದ ಮತ್ತೊಂದು ಓಣಿಗೆ ಸರಿಯುವುದೆಂದು ನಮ್ಮ ಭಯ. ಊರ ಹೊರಗೆ ಬಯಲು, ಎರಡು ಬದಿಗೂ ಗಟ್ಟಿ ಬೇಲಿ, ಓಟದ ಕೊನೆಯಲ್ಲಿ ಹೋರಿಯನ್ನು ಸಮಾಧಾನಪಡಿಸಿ ಕಟ್ಟುವುದಕ್ಕೆ ಮುಚ್ಚಿದ ಆವರಣ, ಒಬ್ಬ ಪಶುವೈದ್ಯ, ಒಂದು ಆಂಬ್ಯುಲೆನ್ಸು, ಇಷ್ಟನ್ನು ಹಬ್ಬದ ಸಮಿತಿಯವರು ಮೊದಲು ಒದಗಿಸಲಿ. ಬಹುಮಾನಕ್ಕೆಂದು ಎತ್ತುವ ವಂತಿಗೆಯನ್ನು ಇದಕ್ಕೇ ಎತ್ತಲಿ. ಗೆದ್ದ ಹೋರಿಗೆ ಕೊಬ್ಬರಿಯ ಹಾರವನ್ನು ಹಾಕಿದರಾಯಿತು.